ಕೈಸರನ ಗುರುವಾರ

ಅಕ್ಟೋಬರ್ 5, ಗುರುವಾರ

ಇಲಿ ಬಿಸಿನೀರಲ್ಲಿದೆ. ಅಂಗಡಿಯ ಫ್ರೀಜರಿನದು, ಒಳಗೂ ಕರಗಬೇಕು — ಇಲ್ಲಾಂದ್ರೆ ಹೊಟ್ಟೆ ಕೆಡುತ್ತೆ. ಮತ್ತೆ ಮತ್ತೆ ಒತ್ತಿ ನೋಡಿದೆ. ನಮ್ಮ ಹಾವು ಕೈಸರ್ ಪೆಟ್ಟಿಗೆಯ ಗಾಜಿಗೆ ಮೂತಿ ಒತ್ತಿಕೊಂಡಿದ್ದಾನೆ. ಹಸಿವು, ಪಾಪ.

ಐನಾರ್ ಇದ್ದಾಗ ಹಾವಿಗೆ ಊಟ ಹಾಕೋದು ಅವರದೇ ಕೆಲಸ. ಎಷ್ಟು ದಿನಕ್ಕೊಂದು ಅಂತ ನಾನು ಕೇಳಲೇ ಇಲ್ಲ. ಗಂಡನ್ನ ಮಣ್ಣು ಮಾಡಿದ ಮೇಲೆ ಯಾರನ್ನ ಕೇಳೋದು.

ಇಲಿ ಹೆನ್ನಿಂಗ್‌ನ ಸಾಕುಪ್ರಾಣಿ ಅಂಗಡಿಯದು, ಬಂದರಿನ ರಸ್ತೆಯಲ್ಲಿ. ಪ್ರತಿ ಗುರುವಾರ ಒಂದೇ ತರುತ್ತೇನೆ. ಒಟ್ಟಿಗೆ ಒಂದು ಪ್ಯಾಕೆಟ್ ಒಯ್ಯಿರಿ ಅಂತಾನೆ. ಫ್ರೀಜರಲ್ಲಿ ಜಾಗ ಇಲ್ಲ ಅಂದೆ. ಇದೆ. ಬರೀ ಬಟಾಣಿ ಇರೋದು.

"ಗೆರ್ಡಾ ಬಂದ್ರು ಅಂದ್ರೆ ಇವತ್ತು ಗುರುವಾರ. ನನಗೆ ಕ್ಯಾಲೆಂಡರೇ ಬೇಡ." ಅಂತ ನನಗೆ ಕಾಫಿ ಕೊಟ್ಟ. ಈ ವಾರ ಮನುಷ್ಯರ ಜೊತೆ ಆಡಿದ ಮಾತು ಇಷ್ಟೇ.

ಅಕ್ಟೋಬರ್ 12

ಗಾಳಿ. ಕಿಟಕಿ ಬಡಿಯುತ್ತಿದೆ. ಕೈಸರ್ ನುಂಗಿದ. ದಪ್ಪ ಆಗಿದ್ದಾನಾ? ಮೈ ಬಾಗಿದ ಕಡೆ ಮಡಿಕೆ ಬೀಳುತ್ತೆ. ವಯಸ್ಸಾದ ಹಾವು, ಹಾಗೇ ಇರಬೇಕು...

ಅಕ್ಟೋಬರ್ 14, ಶನಿವಾರ

ಕಕ್ಕಿದ. ಅರ್ಧ ಜೀರ್ಣ ಆಗಿತ್ತು. ನಾತ. ಇವನೂ ಹೋದರೆ ಈ ಮನೆಯಲ್ಲಿ ಉಸಿರಾಡೋದು ನಾನೊಬ್ಬಳೇ.

ಕೋಟಿನ ಗುಂಡಿನೂ ಹಾಕದೆ ಅಂಗಡಿಗೆ ಓಡಿದೆ. ಹೆನ್ನಿಂಗ್ ಕೇಳಿ ನಕ್ಕ. "ವಾರಕ್ಕೊಂದಾ? ಸಾಕಿರೋದು ಹಾವೋ ಹಂದಿನೋ?" ನನ್ನ ಮುಖ ನೋಡಿ ನಿಲ್ಲಿಸಿದ.

"ಬೆಳೆದ ಹಾವು ಗೆರ್ಡಾ. ಎರಡು ವಾರಕ್ಕಿಂತ ಮುಂಚೆ ಏನೂ ಹಾಕ್ಬೇಡಿ. ಆಮೇಲೆ ಒಂದು ಸಣ್ಣದು. ಅದು ದಕ್ಕಿದ್ರೆ ತಿಂಗಳಿಗೊಂದು ಸಾಕು."

"ಗಾಜಿನ ಹತ್ರ ಬಂದು ಕಾಯ್ತಾನಲ್ಲ?"

"ಹಸಿವಲ್ಲ, ರೂಢಿ. ನೀವು ಬಂದ್ರೆ ಇಲಿ ಬರುತ್ತೆ ಅಂತ ಗೊತ್ತು."

"ಹಸಿದು ಸತ್ತರೆ?"

"ಹಸಿದು ಸಾಯಲ್ಲ ಅವನು. ಹೀಗೇ ತಿನ್ನಿಸಿದ್ರೆ ತಿಂದೇ ಸಾಯ್ತಾನೆ."

ತಿಂಗಳಿಗೊಂದು. ಅಂದ್ರೆ ನಾನು ಅಂಗಡಿಗೆ...

ನವೆಂಬರ್ 2

ಸಣ್ಣ ಇಲಿ. ನುಂಗಿದ. ನಾನು ಕುರ್ಚಿ ಎಳೆದುಕೊಂಡು ಕೂತೆ. ಅಂಗಡಿಯಲ್ಲಿ ಜನ ಇದ್ದರು, ಕಾಫಿ ಆಗಲಿಲ್ಲ. "ಇನ್ನು ಡಿಸೆಂಬರಿಗೆ ಸಿಗೋಣ" ಅಂದ ಹೆನ್ನಿಂಗ್. ಒಳ್ಳೆ ಮನಸ್ಸಿನಿಂದಲೇ ಅಂದ.

ನವೆಂಬರ್ 7

ಕಕ್ಕಿಲ್ಲ. ದಕ್ಕಿತು. ಬದುಕಿದ. ಹೇಳೋಣ ಅಂದ್ರೆ ಯಾರಿಗೆ.

ನವೆಂಬರ್ 9, ಗುರುವಾರ

ಇವತ್ತು ಊಟ ಇಲ್ಲ. ಕೈಸರ್ ಗಾಜಿನ ಹತ್ತಿರ ಬಂದು ಕಾಯ್ತಿದ್ದಾನೆ. ಇಲ್ಲ ಕಣೋ, ಅಂದೆ.

ನಾನೂ ಕೋಟು ಹಾಕಿಕೊಂಡಿದ್ದೇನೆ. ಯಾವಾಗ ಹಾಕಿಕೊಂಡೆನೋ. ಬಾಗಿಲ ಹತ್ತಿರ ನಿಂತೇ ಬರೀತಿದ್ದೇನೆ. ಇಲಿ ಬೇಡ ಹೆನ್ನಿಂಗ್, ಸುಮ್ಮನೆ ಬಂದೆ — ಅಂತ ಅಂದರೆ ಅವನು ಕಾಫಿ ಕೊಟ್ಟಾನಾ?