ಆಗಸ್ಟ್‌ವರೆಗೆ ಕೊಯ್ಯಬಾರದ ಹುಲ್ಲು

ಟಕ್ವಿಲಾ
ಜೂನ್ 18, 2025

ಅಭಯಣ್ಣನಿಗೆ,

ನಿನ್ನ ಹೆಸರಿನ ಮೊದಲು ‘ಪ್ರೀತಿಯ’ ಅಂತ ಬರೆಯಲು ಹೋದೆ, ಪೆನ್ನು ಓಡಲಿಲ್ಲ. ಫೋನ್ ಮಾಡಿದರೆ ನೀನು ತಂಗಿಯ ಮಾತು ಮುಗಿಯಲು ಬಿಡುವವನಲ್ಲ. ಅದಕ್ಕೇ ಈ ಕಾಗದ. ಇದಕ್ಕೆ ನಡುವೆ ಬಾಯಿ ಹಾಕಲು ಆಗುವುದಿಲ್ಲ.

ಭಾನುವಾರ ನಿನ್ನ ಹೊಸ ಮನೆಯ ಭೂಮಿಪೂಜೆಗೆಂದು ಹೋಳಿಗೆ ಕಟ್ಟಿಕೊಂಡು, ಬೆಟ್ಟ ದಾಟಿ, ನಮ್ಮಿಬ್ಬರ ಹೆಸರಿನಲ್ಲಿರುವ ಆ ಹೊಲಕ್ಕೆ ಬಂದೆ. ಗೇಟಿನ ಹತ್ತಿರ ಕಾರು ನಿಲ್ಲಿಸಿದಾಗ ಬೇರೆ ಯಾರದೋ ಜಾಗಕ್ಕೆ ಬಂದೆನೇನೋ ಅನ್ನಿಸಿತು. ಸೊಂಟದೆತ್ತರ ಹುಲ್ಲು ಇದ್ದಲ್ಲಿ ಬೋಳು ನೆಲ. ನೀನು ಹೊಸ ಜುಬ್ಬಾ ಹಾಕಿಕೊಂಡು ನಗುತ್ತ ಬಂದೆ. ‘ಬಾಡಿಗೆ ಟ್ರ್ಯಾಕ್ಟರ್ ತಂದು ನಿನ್ನೆ ನಾನೇ ಎಲ್ಲ ಸ್ವಚ್ಛ ಮಾಡಿದೆ, ನಮ್ಮ ಓವರ್‌ಲೇಕ್ ಆಫೀಸಿನಿಂದ ಬರುವವರ ಸೀರೆಗಳಿಗೆ ಮುಳ್ಳು ಹತ್ತಬಾರದು ನೋಡು’ ಎಂದೆ ನೀನು.

ಅಣ್ಣಾ, ಅದು ಕಸವಲ್ಲ. ನಾನು ಸೇರಿದ್ದ ಬೇಟೆಗಾರರ ಸಂಘದ ವಾಲ್ಟ್ ಮತ್ತು ಅವನ ಗೆಳೆಯರು ನನ್ನ ಜೊತೆ ಚಳಿಯಲ್ಲಿ ನಡುಗುತ್ತ ಬಿತ್ತಿದ ಹುಲ್ಲು. ಆ ಕಣಿವೆಯಲ್ಲಿ ಕಾಡುಕೋಳಿಯಂಥ ಫೆಸೆಂಟ್ ಹಕ್ಕಿಯ ಕೂಗು ಕೇಳಿ ಎಷ್ಟೋ ವರ್ಷವಾಗಿತ್ತು. ಗೂಡಿಗೆ ಮರೆಯಿಲ್ಲದೆ ಅವು ಹೋಗಿಬಿಟ್ಟಿದ್ದವು. ಬೇಟೆಗಾರರಿಗೆ ಹಕ್ಕಿ ಯಾಕೆ ಬೇಕೆಂದು ನನಗೂ ಗೊತ್ತು, ನಾನೇನು ಕೂಸಲ್ಲ. ಆದರೆ ಅವರು ಹೇಂಟೆಗೆ ಗುರಿ ಇಡುವುದಿಲ್ಲ. ನಮ್ಮ ಹೊಲದ ತುಂಬ ಮರಿಗಳು ಓಡಾಡುವವರೆಗೆ ಹುಂಜಕ್ಕೂ ಗುಂಡು ಹಾರಿಸುವುದಿಲ್ಲ ಎಂದು ತಾವಾಗಿಯೇ ಮಾತು ಕೊಟ್ಟವರು. ಈ ಬೇಸಿಗೆಯಲ್ಲಿ ಮೊದಲ ಹೇಂಟೆ ಬಂದು ಕಾವಿಗೆ ಕೂತಿತ್ತು. ದುರ್ಬೀನಿನಲ್ಲಿ ಅದನ್ನು ನನಗೆ ತೋರಿಸುವಾಗ ಆ ಮುದುಕ ವಾಲ್ಟ್ ಅತ್ತೇಬಿಟ್ಟಿದ್ದ.

ಗೊತ್ತಿರಲಿಲ್ಲ ಅನ್ನಬೇಡ. ಆಗಸ್ಟ್‌ವರೆಗೆ ಹುಲ್ಲು ಕೊಯ್ಯಬಾರದು ಎಂಬ ಬೋರ್ಡು ಗೇಟಿನಲ್ಲೇ ಇತ್ತು. ಅದರ ಮೇಲೆ ಬೇಟೆಗಾರರ ಸಂಘದ ಹೆಸರಿದೆ, ಬಂದವರು ಏನಂದುಕೊಂಡಾರು ಎಂದು ನೀನೇ ಅದನ್ನು ಕಿತ್ತು ಶೆಡ್ಡಿನ ಹಿಂದೆ ಒಗೆದು, ಅದೇ ಮೊಳೆಗೆ ಪ್ಲಾಸ್ಟಿಕ್ ಮಾವಿನ ತೋರಣ ಕಟ್ಟಿದ್ದೆ. ‘ಆ ಕೊಲೆಗಡುಕರ ಕೂಡ ನಿಂದೇನವ್ವಾ ಗೆಳೆತನ?’ ಎಂದು ಸಿಕ್ಕಾಗಲೆಲ್ಲ ನನ್ನನ್ನು ಹಂಗಿಸಿದವನಲ್ಲವೇ ನೀನು!

ಊಟ ಬಿಟ್ಟು ಗೂಡು ಹುಡುಕಿಕೊಂಡು ಹೋದೆ. ಕಾವಿಗೆ ಕೂತ ಹೇಂಟೆ ಸದ್ದು ಹತ್ತಿರ ಬಂದರೆ ಏಳುವುದಿಲ್ಲ, ಮೊಟ್ಟೆಗಳ ಮೇಲೆ ಇನ್ನೂ ಒತ್ತಿ ಕೂರುತ್ತದೆ. ನಿನ್ನ ಟ್ರ್ಯಾಕ್ಟರಿನ ಬ್ಲೇಡು ಬಂದಾಗಲೂ ಅದು ಕೂತೇ ಇತ್ತು. ಉಳಿದದ್ದನ್ನು ಹೋಳಿಗೆ ಕಟ್ಟಿ ತಂದ ಬಟ್ಟೆಯಲ್ಲೇ ಸುತ್ತಿ ಹುಗಿದೆ. ವಾಪಸ್ ಬಂದರೆ ನೀನು ಕೇಕು ತಂದವರ ಮುಂದೆ ನಿಂತು, ಇದರಲ್ಲಿ ಮೊಟ್ಟೆ ಹಾಕಿಲ್ಲ ತಾನೇ ಎಂದು ಮತ್ತೆ ಮತ್ತೆ ಕೇಳುತ್ತಿದ್ದೆ. ನಾನು ವಿಷಯ ಹೇಳಿದರೆ, ‘ಒಂದು ಹಕ್ಕಿಗೆ ಇಷ್ಟು ರಂಪವೇ, ಹೇಗೂ ಅವರೇ ಕೊಲ್ಲುತ್ತಿದ್ದರಲ್ಲ’ ಎಂದೆ ನೀನು.

ಸಂಘದವರು ನಿನ್ನೆ ಬಂದು ನೋಡಿದರು. ಜಗಳ ಮಾಡಲಿಲ್ಲ. ನಮ್ಮ ಶೆಡ್ಡಿನಲ್ಲಿಟ್ಟಿದ್ದ ತಮ್ಮ ಬಿತ್ತನೆ ಯಂತ್ರವನ್ನು ಒಯ್ದರು. ಮುಂದಿನ ಬೀಜ ಬೇರೆಯವರ ಹೊಲಕ್ಕಂತೆ. ನನ್ನ ಹೆಸರನ್ನೂ ಸಂಘದಿಂದ ತೆಗೆದರು. ಅವರು ಕೈಬಿಟ್ಟರೆ ನಮ್ಮ ಹೊಲಕ್ಕೆ ಹಕ್ಕಿ ಮತ್ತೆ ಬರುವುದಿಲ್ಲ. ಅಲ್ಲಿ ನಿನ್ನ ಮನೆ ಏಳಲಿ. ನಾನಂತೂ ಅದರ ಹೊಸ್ತಿಲು ತುಳಿಯುವುದಿಲ್ಲ.

ಇಷ್ಟೆಲ್ಲ ಆದರೂ ನಿನ್ನ ತಂಗಿಯೇ ಆದ
ಪೂರ್ಣಿಮಾ

ತಾ.ಕ.: ಹುಲ್ಲು ಕೊಯ್ದದ್ದು ಯಾರು ಎಂದು ವಾಲ್ಟ್ ಕೇಳಿದ. ನಾನೇ ಎಂದೆ. ಹೆಸರು ತೆಗೆದದ್ದು ಅದಕ್ಕೇ. ಕೊಲೆಗಡುಕ ಎಂದು ನೀನು ಅವರಿಗೆ ಅನ್ನುತ್ತಿದ್ದ ಮಾತನ್ನು ಅವರ ಬಾಯಿಂದ ನಿನ್ನ ಬಗ್ಗೆ ಕೇಳುವುದು ನನ್ನಿಂದ ಆಗುತ್ತಿರಲಿಲ್ಲ. ಶನಿವಾರ ಅವರ ಸಭೆ ಇದೆ, ನಿಜ ಹೇಳಬೇಕೆನಿಸಿದರೆ ಹೋಗು. ಬೋರ್ಡು ಇನ್ನೂ ಶೆಡ್ಡಿನ ಹಿಂದೆಯೇ ಬಿದ್ದಿದೆ.