ಗಂಡು ಮರದ ವಿಲೇವಾರಿ

ಮಾನ್ಯ ಕುಲಪತಿಗಳೇ,

ಗಂಡನನ್ನು ಕಡಿಸಿ ಹಾಕಿ, ಆಮೇಲೆ ಹೆಂಡತಿಗೆ ಮಕ್ಕಳಾಗಲಿಲ್ಲವೆಂದು ನೋಟಿಸು ಅಂಟಿಸಿದ ಆಡಳಿತವನ್ನು ನಾನು ಈ ವಯಸ್ಸಿನವರೆಗೆ ಕಂಡಿರಲಿಲ್ಲ. ಕಾಣಿಸಿದ್ದಕ್ಕೆ ತಮಗೆ ಧನ್ಯವಾದ. ಗಾಬರಿಯಾಗಬೇಡಿ, ಪೊಲೀಸರಿಗೆ ಸಂಬಂಧಪಟ್ಟ ವಿಷಯವಲ್ಲ, ಸತ್ತದ್ದು ಮರ. ಸಸ್ಯಶಾಸ್ತ್ರ ವಿಭಾಗದ ಹಿತ್ತಲಲ್ಲಿ ಜೋಡಿಯಾಗಿ ನಿಂತಿದ್ದ ಎರಡು ಜಾಯಿಕಾಯಿ ಮರಗಳಲ್ಲಿ ಗಂಡನ್ನು ತಮ್ಮ ಕಚೇರಿ ಎರಡು ವರ್ಷದ ಹಿಂದೆ ಕಡಿಸಿತು. ಈಗ ಹೆಣ್ಣು ಮರದ ಕಾಂಡಕ್ಕೆ 'ಫಲ ಬಿಡದ ಮರ, ತೆರವುಗೊಳಿಸತಕ್ಕದ್ದು' ಎಂಬ ಕಾಗದ ಅಂಟಿಸಿದೆ. ಆ ಜಾಗದಲ್ಲಿ ವಿಭಾಗದ ಎಪ್ಪತ್ತೈದನೆಯ ವರ್ಷದ ನೆನಪಿಗೆ ಕಲ್ಲಿನ ಕಂಬ ನಿಲ್ಲಿಸುತ್ತೀರಂತೆ. ಅದೇ ವಾರ ನನಗೂ ತಮ್ಮ ಕಚೇರಿಯಿಂದ ಒಂದು ಪತ್ರ ಬಂತು. ವಿಭಾಗದ ಹಿಂದಿನ ಮುಖ್ಯಸ್ಥೆಯಾಗಿ ನಾನು ಸ್ಮರಣ ಸಂಚಿಕೆಗೆ ವಿಭಾಗದ ಇತಿಹಾಸ ಬರೆದುಕೊಡಬೇಕಂತೆ. ಎರಡು ಪುಟ ಮೀರಬಾರದು, ಧಾಟಿ ಸಕಾರಾತ್ಮಕವಾಗಿರಬೇಕು.

ಬರೆದಿದ್ದೇನೆ. ಪುಟ ಮೀರಿದೆ. ಧಾಟಿಯ ವಿಷಯ ತಾವೇ ಓದಿ ಹೇಳಿ. ಸಂಚಿಕೆಗೆ ಬೇಡವಾದೀತೆಂದು ಪತ್ರಿಕೆಗೆ ಕಳಿಸುತ್ತಿದ್ದೇನೆ.

ಬೇರೆ ವಿಭಾಗದವರು ತಾವು ಕಟ್ಟಿದ್ದನ್ನು ಇತಿಹಾಸ ಎನ್ನುತ್ತಾರೆ. ನಾವು ಬಿಟ್ಟುಕೊಟ್ಟದ್ದನ್ನೇ ಹೇಳಬೇಕು. ಒಣಗಿಸಿದ ಗಿಡಗಳನ್ನು ಹಾಳೆಗೆ ಅಂಟಿಸಿ ಜೋಡಿಸಿಟ್ಟ ಕೋಣೆಯೊಂದು ನಮಗಿತ್ತು. ತಮ್ಮ ಹಿಂದಿನವರ ಹಿಂದಿನವರು ಅದರೊಳಗೆ ಒಂದು ಸುತ್ತು ಬಂದು, "ಎಲ್ಲಾ ಸತ್ತಿರೋವೇ ತಾನೆ? ಇಷ್ಟು ದೊಡ್ಡ ರೂಮು ಯಾಕೆ ಇವಕ್ಕೆ?" ಎಂದರು. ಈಗ ಅದು ಸಭಾಂಗಣ. ಗಿಡಗಳು ಮೆಟ್ಟಿಲ ಕೆಳಗಿನ ಬೀರುಗಳಲ್ಲಿ, ಕ್ರೀಡಾ ವಿಭಾಗದ ಹರಿದ ಬಲೆಗಳ ಪಕ್ಕದಲ್ಲಿ ಇವೆ. ಜರೀಗಿಡಗಳ ನೆರಳುಮನೆ ಇತ್ತಲ್ಲ, ಅದರ ಗುರುತು ತಮಗೆ ಚೆನ್ನಾಗಿಯೇ ಇರಬೇಕು, ತಮ್ಮ ಕಾರು ದಿನಾ ನಿಲ್ಲುವುದು ಅಲ್ಲೇ. ಆಗೆಲ್ಲ ನಾವು ಸುಮ್ಮನಿದ್ದೆವು. ಗಿಡ ಸಾಕುವವರು ಜಗಳಕ್ಕೆ ನಿಧಾನ.

ಆ ಜೋಡಿ ಮರಗಳನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ. ವಿಭಾಗ ಶುರುವಾದ ವರ್ಷ ನಮ್ಮ ಮೊದಲ ಮೇಷ್ಟ್ರು ನೆಟ್ಟ ಸಸಿಗಳು ಅವು. ಜಾಯಿಕಾಯಿಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಹೂ ಬಿಡುವ ತನಕ ಯಾವುದು ಯಾವುದೆಂದು ನೋಡಿದರೆ ತಿಳಿಯುವುದಿಲ್ಲ. ಗಂಡು ಮರ ರಾಶಿ ಹೂ ಬಿಡುತ್ತದೆ, ಉದುರಿಸುತ್ತದೆ, ಅಷ್ಟೇ. ಹೆಣ್ಣು ಮರದ ಕಾಯಿ ಬಲಿತು ಬಿರಿದಾಗ ಬೀಜಕ್ಕೆ ಸುತ್ತಿಕೊಂಡ ಕೆಂಪು ಜಾಪತ್ರೆ ನೋಡಲು ಗಣಿತದವರೂ ಬರುತ್ತಿದ್ದರು.

ಮೇಷ್ಟ್ರು ಒಂದು ಪದ್ಧತಿ ಹಾಕಿದ್ದರು. ಹೊಸ ವಿದ್ಯಾರ್ಥಿಗಳ ಮೊದಲ ತರಗತಿ ಕೋಣೆಯಲ್ಲಲ್ಲ, ಆ ಮರಗಳ ಕೆಳಗೆ. ಅವರು ಹೆಗಲ ಮೇಲೆ ಕೊಡಲಿ ಇಟ್ಟುಕೊಂಡು ಬರುವರು. ಗಂಡು ಮರ ತೋರಿಸಿ, "ಇದು ಹುಟ್ಟಿದಾಗಿಂದ ಒಂದು ಕಾಯಿ ಬಿಟ್ಟಿಲ್ಲ. ಗೊಬ್ಬರ ತಿನ್ನುತ್ತೆ, ಜಾಗ ತಿನ್ನುತ್ತೆ. ಕಡಿಯೋಣ್ವೇನ್ರಪ್ಪಾ?" ಎಂದು ಕೇಳುವರು. ಯಾರಾದರೊಬ್ಬರು ಹೂಂ ಎಂದೇ ಎನ್ನುತ್ತಿದ್ದರು. ಹಾಗೆಂದವರಿಗೆ ಸಿಗುತ್ತಿದ್ದದ್ದು ಕೊಡಲಿಯಲ್ಲ, ಪೊರಕೆ. ಆ ವರ್ಷವಿಡೀ ಗಂಡು ಮರದ ಕೆಳಗೆ ಉದುರಿದ ಹೂ ಗುಡಿಸುವುದು ಅವರ ಪಾಲಿನ ಕೆಲಸ. ಗುಡಿಸುತ್ತಾ ಗುಡಿಸುತ್ತಾ ಇಷ್ಟೊಂದು ಹೂ ಯಾಕೆ, ಯಾರಿಗೆ ಎಂಬ ಪ್ರಶ್ನೆ ತಾನಾಗಿ ಹುಟ್ಟಬೇಕು, ಅದೇ ಪಾಠ. ಕೊಡಲಿಯ ಬಾಯಿಯನ್ನು ಅವರೇ ಕಲ್ಲಿಗೆ ಉಜ್ಜಿ ಮೊಂಡು ಮಾಡಿದ್ದರು. ಅದರಿಂದ ಬದನೆಕಾಯಿ ಕೂಡ ಹೆಚ್ಚಲಾಗುತ್ತಿರಲಿಲ್ಲ. ಅವರಿಗೆ ಕೊಡಲಿ ಮೇಷ್ಟ್ರು ಎಂದೇ ಹೆಸರಾಯಿತು. ಅವರ ನಂತರ ಬಂದ ಮುಖ್ಯಸ್ಥರೆಲ್ಲ ಆ ಕೊಡಲಿ ಹೊತ್ತರು. ನಾನೂ ಹೊತ್ತೆ.

ನಮ್ಮ ತರಗತಿಯಲ್ಲಿ ಎದ್ದು ನಿಂತು "ಕಡೀರಿ ಸಾರ್, ವೇಸ್ಟು" ಎಂದ ಹುಡುಗನನ್ನೇ ನಾನು ಮುಂದೆ ಮದುವೆಯಾದೆ. ಒಂದು ವರ್ಷ ಗುಡಿಸಿದ ಮೇಲೆ ಅವರು ಆ ಮರದ ಕಟ್ಟಾ ಅಭಿಮಾನಿ. ಇಂದಿಗೂ ಮನೆಯಲ್ಲಿ ಯಾವುದಾದರೂ ಕೆಲಸ ಹೇಳಿದರೆ, "ಗಂಡು ಮರ ಕಣೇ ನಾನು. ಮಾಡೋ ಕೆಲಸ ಕಣ್ಣಿಗೆ ಕಾಣಲ್ಲ" ಎನ್ನುತ್ತಾರೆ.

ಇಷ್ಟು ಚಂದದ ಪದ್ಧತಿಗೆ ಕುತ್ತು ಬಂದದ್ದು ಎಲ್ಲಿಂದ ಗೊತ್ತೇ? ಇತಿಹಾಸ ಬರೆದದ್ದರಿಂದ. ವಿಭಾಗಕ್ಕೆ ಐವತ್ತು ತುಂಬಿದಾಗ ತಮ್ಮ ಕಚೇರಿ ಇಂಥದ್ದೇ ಸಂಚಿಕೆ ತಂದಿತ್ತು. ಆಗ ತೀರಾ ಮುಪ್ಪಿನಲ್ಲಿದ್ದ ಕೊಡಲಿ ಮೇಷ್ಟ್ರು ಅದರಲ್ಲಿ ತಮ್ಮ ಎಂದಿನ ಕುಚೋದ್ಯದಲ್ಲಿ ಬರೆದರು: "ಗಂಡು ಜಾಯಿಕಾಯಿ ಮರವನ್ನು ಕಡಿಯುವ ವಿಷಯವು ಪ್ರತಿ ವರ್ಷ ತರಗತಿಯ ಮುಂದೆ ಬರುತ್ತದೆ. ತೀರ್ಮಾನ ಇನ್ನೂ ಆಗಿಲ್ಲ." ಓದಿದವರೆಲ್ಲ ನಕ್ಕರು. ತಮ್ಮ ಆಡಳಿತ ಶಾಖೆ ನಗಲಿಲ್ಲ. ಇಪ್ಪತ್ತು ವರ್ಷ ದಾಟಿದ ಮೇಲೆ ತಾವು ಅಧಿಕಾರ ವಹಿಸಿಕೊಂಡು, ಹಳೆಯ ಬಾಕಿಗಳನ್ನೆಲ್ಲ ವಿಲೇವಾರಿ ಮಾಡಿ ಎಂದು ಅಪ್ಪಣೆ ಕೊಟ್ಟಿರಿ. ಬಾಕಿ ಹುಡುಕಿ ಹೊರಟವರ ಕೈಗೆ ಆ ಸಂಚಿಕೆ ಸಿಕ್ಕಿತು. ವಿಭಾಗದವರೇ ವರ್ಷ ವರ್ಷ ಕೇಳಿಕೊಂಡರೂ ಆಡಳಿತ ಗಮನ ಕೊಟ್ಟಿಲ್ಲವಲ್ಲ ಎಂದು ಪಾಪ, ಅವರಿಗೆ ನಾಚಿಕೆಯಾಯಿತು. ಮೇಷ್ಟ್ರ ತಮಾಷೆಯನ್ನು ಮನವಿ ಎಂದು ತಿಳಿದು ಮಂಜೂರು ಮಾಡಿದರು.

ಗರಗಸದ ಸದ್ದು ಕೇಳಿದವರು ಯಾರೋ ಫೋನು ಮಾಡಿದರು. ನಾನು ಓಡಿ ಬರುವಷ್ಟರಲ್ಲಿ ಮರ ಅರ್ಧ ವಾಲಿತ್ತು. ತಮ್ಮ ಆವರಣದ ಎಂಜಿನಿಯರು ನನ್ನ ಕೈ ಕುಲುಕಿದರು. "ಕಂಗ್ರಾಜುಲೇಷನ್ಸ್ ಮೇಡಂ! ನಿಮ್ಮ ಡಿಪಾರ್ಟ್‌ಮೆಂಟಿನ ಎಷ್ಟೋ ವರ್ಷದ ಬೇಡಿಕೆ!"

"ಅದು ಬೇಡಿಕೆ ಅಲ್ಲರೀ, ಪಾಠ!" ಎಂದೆ.

"ಪಾಠಾನಾ? ಫೈಲಲ್ಲಿ ಹಾಗೇನೂ ಇಲ್ವಲ್ಲ ಮೇಡಂ."

ಆತ ಒಳ್ಳೆಯ ಮನುಷ್ಯ, ಅದೇ ತೊಂದರೆ. ಕೆಟ್ಟವರಾಗಿದ್ದರೆ ಬೈಯಬಹುದಿತ್ತು. ನಾನು ಅಲ್ಲೇ, ಬಿದ್ದ ಹೂಗಳ ಮೇಲೆ ಕುಳಿತು ಅತ್ತೆ. ಇದನ್ನು ಪತ್ರಿಕೆಯಲ್ಲಿ ಬರೆಯಲು ನನಗೆ ಸಂಕೋಚವಿಲ್ಲ.

ಮಾರನೆಯ ವರ್ಷ ಹೆಣ್ಣು ಮರ ಹೂ ಬಿಟ್ಟಿತು, ಕಾಯಿ ಕಟ್ಟಲಿಲ್ಲ. ಕಟ್ಟುವುದು ಹೇಗೆ? ಇದನ್ನು ತಿಳಿಯಲು ಸಸ್ಯಶಾಸ್ತ್ರ ಬೇಕೇ, ಸಂಸಾರಸ್ಥರಾದರೆ ಸಾಲದೇ? ತಾವಾದರೋ ಸಮಿತಿ ಮಾಡಿದಿರಿ. ಅದರಲ್ಲಿ ವಾಣಿಜ್ಯದವರು ಇದ್ದರು, ಕಾನೂನಿನವರು ಇದ್ದರು, ನಿಷ್ಪಕ್ಷಪಾತವಾಗಿರಲೆಂದು ಸಸ್ಯಶಾಸ್ತ್ರದವರು ಇರಲಿಲ್ಲ. ಮರಕ್ಕೆ ವಯಸ್ಸಾಗಿದೆ, ಇಳುವರಿ ನಿಂತಿದೆ, ಕಂಬಕ್ಕೆ ಜಾಗ ಪ್ರಶಸ್ತವಾಗಿದೆ ಎಂದು ವರದಿ ಬಂತು. ಕೈಯ ಹುಣ್ಣಿಗೆ ಕನ್ನಡಿ ಬೇಕೆಂದು ಹೊರಟವರು ಕನ್ನಡಿಯನ್ನೂ ತಿರುವು ಮುರುವು ಹಿಡಿದರು.

ಇನ್ನು ತಮ್ಮ ಕಡತದಲ್ಲಿ ಇಲ್ಲದ ಒಂದು ಸಂಗತಿ ಹೇಳುತ್ತೇನೆ. ಬಹಳ ವರ್ಷದ ಹಿಂದೆ ನನ್ನ ಯಜಮಾನರು ಆ ಹೆಣ್ಣು ಮರದ ಬೀಜವೊಂದನ್ನು ತಂದು ನಮ್ಮ ಮನೆಯ ಹಿಂದೆ ನೆಟ್ಟಿದ್ದರು. ಮನೆ ಊರಿನ ಇನ್ನೊಂದು ತುದಿಯಲ್ಲಿದೆ. ನಮ್ಮತ್ತೆ ಕಾಯಿ ಬಿಡುತ್ತದೆಂಬ ಆಸೆಯಿಂದ ಪಾತ್ರೆ ತೊಳೆದ ನೀರೆಲ್ಲ ಅದಕ್ಕೇ ಸುರಿದರು. ಅದು ಬೆಳೆದು ಗಂಡಾಯಿತು. "ಇಷ್ಟು ನೀರು ಕುಂಬಳಕ್ಕೆ ಹಾಕಿದ್ರೆ ಊರಿಗೆಲ್ಲಾ ಹಂಚಬಹುದಿತ್ತು. ಕಡಿದು ಸೌದೆ ಮಾಡೋ" ಎಂದು ಮಗನಿಗೆ ಸಾಯುವ ತನಕ ಹೇಳಿದರು. ಯಜಮಾನರು ಒಪ್ಪಲಿಲ್ಲ. "ಅಮ್ಮಾ, ಇದೇ ಮಾತಿಗೆ ನಾನು ಒಂದು ವರ್ಷ ಕಸ ಗುಡಿಸಿದೀನಿ" ಎಂದು ನಗುತ್ತಿದ್ದರು.

ನೋಟಿಸಿಗೆ ಮುಂಚೆಯೇ, ಹೆಣ್ಣು ಮರ ಮತ್ತೆ ಹೂ ಬಿಟ್ಟ ದಿನಗಳಲ್ಲಿ, ನಾವಿಬ್ಬರೂ ಬೆಳಗಿನ ವಾಯುವಿಹಾರಕ್ಕೆಂದು ತಮ್ಮ ಆವರಣಕ್ಕೆ ಬರತೊಡಗಿದೆವು. ಕೈಯಲ್ಲಿ ತರಕಾರಿ ಚೀಲ, ಚೀಲದಲ್ಲಿ ನಮ್ಮ ಗಂಡು ಮರದ ಹೂವಿನ ರೆಂಬೆಗಳು. ಗೇಟಿನವರು ಇಣುಕಿ, "ಏನ್ ಸಾರ್, ಸೊಪ್ಪಾ?" ಎಂದರೆ ಯಜಮಾನರು, "ಹೂಂ, ಸಂಬಂಧಿಕರ ಮನೆಗೆ" ಎನ್ನುವರು. ನೀರು ತುಂಬಿದ ಬಾಟಲಿಗಳಲ್ಲಿ ಆ ರೆಂಬೆ ಇಟ್ಟು ಹೆಣ್ಣು ಮರದ ಕೊಂಬೆಗಳಿಗೆ ಕಟ್ಟಿದೆವು. ಈ ವಯಸ್ಸಿನಲ್ಲಿ ಮದುವೆ ದಲ್ಲಾಳಿ ಕೆಲಸ! ಉಳಿದದ್ದನ್ನು ಸಣ್ಣ ಹುಳುಗಳು ನೋಡಿಕೊಂಡವು. ತಮ್ಮ ತೋಟದ ಶಾಖೆ ಆ ಬಾಟಲಿಗಳನ್ನು ಅಲಂಕಾರವೆಂದು ತಿಳಿದು ಪಕ್ಕದ ಮರಕ್ಕೂ ಒಂದಷ್ಟು ಕಟ್ಟಿಸಿತು, ಅದಕ್ಕೂ ಧನ್ಯವಾದ.

ಈಗ ನನ್ನ ಬೇಡಿಕೆ. ಇದು ತಮಾಷೆಯಲ್ಲ, ಹಾಗೆಂದು ಕಡತದಲ್ಲಿ ಬರೆಸಿಕೊಳ್ಳಿ. ಕಾಂಡದ ಮೇಲಿನ ಕಾಗದ ಕಿತ್ತು ಹಾಕಿಸಿ. ಗಂಡು ಮರವಿದ್ದ ಗುಂಡಿಯಲ್ಲಿ ನಮ್ಮ ಮನೆಯ ಮರದಿಂದ ಕಸಿ ಮಾಡಿದ ಗಿಡ ನೆಡಿಸಿ, ಗಿಡ ಸಿದ್ಧವಾಗಿದೆ. ಅದು ಹೂ ಬಿಡುವ ತನಕ ಚೀಲ ಹಿಡಿದ ಇಬ್ಬರು ಮುದುಕರನ್ನು ಗೇಟಿನಲ್ಲಿ ತಡೆಯಬೇಡಿ. ಕಂಬವನ್ನು ಎಲ್ಲಿ ಬೇಕಾದರೂ ನಿಲ್ಲಿಸಿ. ಅದು ಗೊಬ್ಬರ ಕೇಳುವುದಿಲ್ಲ, ಇಳುವರಿಯ ತಕರಾರೂ ಇರುವುದಿಲ್ಲ, ತಮ್ಮ ಆಡಳಿತಕ್ಕೆ ಹೇಳಿ ಮಾಡಿಸಿದ ಗಿಡ.

ಇದಕ್ಕೆ ಒಪ್ಪಿಗೆಯಿಲ್ಲವಾದರೆ ತಾವೇ ಒಂದು ಬೆಳಿಗ್ಗೆ ಆ ಮರದ ಕೆಳಗೆ ಬನ್ನಿ. ಮೇಷ್ಟ್ರ ಕೊಡಲಿ ನಮ್ಮ ಮನೆಯಲ್ಲಿದೆ, ಹೊತ್ತು ತರುತ್ತೇನೆ, ಪೊರಕೆಯನ್ನು ಯಜಮಾನರು ತರುತ್ತಾರೆ. ಹಳೆಯ ಪ್ರಶ್ನೆಯನ್ನೇ ಕೇಳುತ್ತೇನೆ: ಕಡಿಯೋಣವೇ? ಉತ್ತರ ಹೇಳುವ ಮುಂಚೆ ಒಮ್ಮೆ ತಲೆಯೆತ್ತಿ ನೋಡಿ. ತಮ್ಮ ಸಮಿತಿ ಆ ಕೆಲಸವನ್ನು ಮಾಡಿದಂತಿಲ್ಲ. ಕಾಯಿ ಕಟ್ಟಿದೆ.

ಇಂತಿ,
ತಮ್ಮ ಬಾಕಿಗಳಲ್ಲಿ ಇನ್ನೂ ವಿಲೇವಾರಿಯಾಗದೆ ಉಳಿದಿರುವ,
ಸಸ್ಯಶಾಸ್ತ್ರ ವಿಭಾಗದ ಹಳೆಯ ಮೇಡಂ