ವಾಪಸ್ ಕಳಿಸಿದ ಸ್ಯಾಂಪಲ್

ಮಾರ್ಚ್ 4, ಬೆಳಗ್ಗೆ 11

ವಾರ್ಡಿನಿಂದ ನಮ್ಮ ಲ್ಯಾಬಿಗೆ ಮತ್ತೆ ಅದೇ ಹಾಡು, ಅದೇ ರಾಗ. ಈ ಟೆಸ್ಟಿನಲ್ಲಿ ರಕ್ತ ಹೆಪ್ಪುಗಟ್ಟಲು ಮೂವತ್ತೈದು ಸೆಕೆಂಡು ಸಾಕು. ಈ ಸ್ಯಾಂಪಲ್ ತೊಂಬತ್ತೆಂಟು ತೆಗೆದುಕೊಂಡಿದೆ. ಹೆಪಾರಿನ್ ಹಾಕಿದ ಡ್ರಿಪ್ ಲೈನಿನಿಂದಲೇ ಎಳೆದಿದ್ದಾರೆ, ಇನ್ನೇನು. ಅದು ಬೆರೆತರೆ ರಕ್ತ ಹೆಪ್ಪುಗಟ್ಟುವುದಿಲ್ಲ ಎಂದು ಎಷ್ಟು ಸಲ ಬಡಿದುಕೊಳ್ಳುವುದು? ರಿಜೆಕ್ಟ್. ಸಹಿ ಹಾಕಿ ವಾಪಸ್ ಕಳಿಸಿದೆ.

ಮಾರ್ಚ್ 5

ಅದೇ ರೋಗಿಯದು ಮತ್ತೆ ಬಂತು. ನೂರಾ ಎರಡು. ರಿಜೆಕ್ಟ್. ವಾರ್ಡಿನ ಸಿಸ್ಟರ್ ಫೋನ್ ಮಾಡಿದಳು.

"ಅಕ್ಕಾ, ಲೈನಿಂದ ಅಲ್ಲ, ತೋಳಿಂದಾನೇ ತೆಗೆದಿದ್ದೀನಿ. ಚುಚ್ಚಿದಲ್ಲೆಲ್ಲ ಊದ್ಕೊಳ್ತಾ ಇದೆ."

"ನಂಗೆ ಪಾಠ ಹೇಳ್ಬೇಡಮ್ಮ. ಹದಿನಾರು ವರ್ಷದಿಂದ ಇದೇ ಕೆಲಸ. ಸರಿಯಾಗಿ ತೆಗೆದು ಕಳಿಸು."

ಮನೆಗೆ ಬಂದರೂ ಸಿಟ್ಟು ಇಳಿಯಲಿಲ್ಲ. "ಪಾತ್ರೆಗಳು ಏನು ಪಾಪ ಮಾಡಿದ್ವು?" ಎಂದರು ಯಜಮಾನರು. ಅವರ ಮೇಲೂ ಹರಿಹಾಯ್ದೆ.

ಮಾರ್ಚ್ 7, ಬೆಳಗ್ಗೆ

ನಿನ್ನೆ ರಜೆ. ಇವತ್ತು ಮೂರನೆಯದು ಬಂತು. ಉಗಿದೇ ಬರೋಣವೆಂದು ನಾನೇ ವಾರ್ಡಿಗೆ ಹೋದೆ.

ಅರವತ್ತು ದಾಟಿದ ಹೆಂಗಸು. ಟೈಲರ್. ಬಲಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಕಪ್ಪು, ಬಿಗಿದುಹೋಗಿದೆ. ಡ್ರಿಪ್ ಲೈನ್ ಎಲ್ಲಿ? ಎಲ್ಲೂ ಇಲ್ಲ. ಹೆಪಾರಿನ್? ಚೀಟಿಯಲ್ಲೇ ಇಲ್ಲ.

"ನೀನೂ ಚುಚ್ಚೋಕೆ ಬಂದ್ಯಾ ತಾಯಿ?" ಎಂದಳು. "ಜಾಗ ಸಿಕ್ರೆ ಹುಡುಕ್ಕೋ."

ಒಳಗೆ ರಕ್ತ ತುಂಬಿ ಕೈಯ ನರ ಒತ್ತಿಹೋಗುತ್ತಿದೆ. ಒತ್ತಡ ಇಳಿಸಲು ಸರ್ಜನ್ ಎರಡು ಗಂಟೆಗೆ ಕೈ ಕೊಯ್ಯುತ್ತಾರಂತೆ.

ಅದೇ ದಿನ, 1.40

ಹೆಪಾರಿನ್ ಇದೆಯೋ ಇಲ್ಲವೋ ತಿಳಿಯಲು ಐದು ನಿಮಿಷದ ಟೆಸ್ಟ್ ಇದೆ. ಮೊದಲ ದಿನವೇ ಮಾಡಬಹುದಿತ್ತು. ಇವತ್ತು ಮಾಡಿದೆ. ಹೆಪಾರಿನ್ ಇಲ್ಲ.

ಅವಳ ಪ್ಲಾಸ್ಮಾಕ್ಕೆ, ಅಂದರೆ ರಕ್ತದ ತಿಳಿಗೆ, ಆರೋಗ್ಯವಂತರ ಪ್ಲಾಸ್ಮಾ ಸಮಸಮ ಬೆರೆಸಿದೆ. ನಲವತ್ತು ಸೆಕೆಂಡಿಗೆ ಇಳಿಯಿತು. ಸರ್ಜನ್ ಫೋನಿನಲ್ಲಿ, "ಏನೋ ಕೊರತೆ ಇತ್ತು, ಬೆರೆಸಿದ್ಮೇಲೆ ಸರಿಹೋಯ್ತಲ್ಲ? ಪ್ಲಾಸ್ಮಾ ಕೊಟ್ಟು ಕೊಯ್ತೀವಿ ಬಿಡಿ."

"ಮಿಶ್ರಣಾನ ಎರಡು ಗಂಟೆ ಬೆಚ್ಚಗಿಟ್ಟು ನೋಡ್ಬೇಕು ಸಾರ್. ಬೆರೆಸಿದ್ದನ್ನೂ ಹಾಳುಮಾಡೋ ಕೆಲವು ಆಂಟಿಬಾಡಿ ನಿಧಾನಕ್ಕೆ ಕೆಲಸ ಮಾಡ್ತವೆ."

"ಅಷ್ಟರಲ್ಲಿ ಕೈ ಹೋಗುತ್ತೆ."

"ಕೊಯ್ದ್ರೆ ಪ್ರಾಣ ಹೋಗುತ್ತೆ."

ರಕ್ತರೋಗದ ಡಾಕ್ಟರಮ್ಮನಿಗೆ ಫೋನ್ ಮಾಡಿ ಬೇಡಿಕೊಂಡೆ, ಕಾಲು ಹಿಡಿಯುವುದೊಂದು ಬಾಕಿ. ಅವರು ಆಪರೇಷನ್ ತಡೆದರು.

3.50

ಬೆಚ್ಚಗಿಟ್ಟ ಮಿಶ್ರಣ ಮತ್ತೆ ಏರಿತು: ಎಂಬತ್ತೊಂದು ಸೆಕೆಂಡು. ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್ ಎಂಟನ್ನು ಅಳೆದೆ — ನೂರರಲ್ಲಿ ಎರಡೂ ಇಲ್ಲ. ಅವಳ ದೇಹವೇ ಅದನ್ನು ನಾಶಮಾಡುತ್ತಿದೆ. ಹುಟ್ಟಿನಿಂದ ಬಂದದ್ದಲ್ಲ, ಈಗ ಹೊಸದಾಗಿ ಶುರುವಾದದ್ದು. ಹತ್ತು ಲಕ್ಷಕ್ಕೆ ಒಬ್ಬರೋ ಇಬ್ಬರೋ. ಚಾಕು ಮುಟ್ಟಿಸಿದ್ದರೆ ರಕ್ತ ನಿಲ್ಲುತ್ತಲೇ ಇರಲಿಲ್ಲ. ಫ್ಯಾಕ್ಟರ್ ಎಂಟರ ಹಂಗಿಲ್ಲದೆ ರಕ್ತ ನಿಲ್ಲಿಸುವ ಇಂಜೆಕ್ಷನ್, ಜೊತೆಗೆ ಸ್ಟೆರಾಯ್ಡ್ ಶುರುವಾಗಿದೆ.

ಮಾರ್ಚ್ 15

ಬದುಕಿದಳು. ಆದರೆ ಬಲಗೈಯ ಮೂರು ಬೆರಳು ಮಡಚುವುದಿಲ್ಲ. ನರ ಅಷ್ಟು ದಿನ ಒತ್ತಿಹೋಗಿತ್ತು. ಇನ್ನು ಕತ್ತರಿ ಹಿಡಿಯಲಾರಳು.

ಎಲ್ಲರೂ ನನ್ನ ಬೆನ್ನು ತಟ್ಟುತ್ತಿದ್ದಾರೆ. ಲ್ಯಾಬ್ ಜೀವ ಉಳಿಸಿತಂತೆ... ಬೆಂಕಿ ಬೀಳಲಿ ಆ ಹೊಗಳಿಕೆಗೆ.

ಮಾರ್ಚ್ 18, ಮಧ್ಯಾಹ್ನ

ರೋಗ ಪತ್ತೆ ತಡವಾದದ್ದಕ್ಕೆ ವಿಚಾರಣೆ. ಸಿಸ್ಟರ್‌ಗೆ ಮೆಮೋ ಕೊಟ್ಟಿದ್ದಾರೆ — ಎರಡು ಸಲ ಸ್ಯಾಂಪಲ್ ತಪ್ಪಾಗಿ ತೆಗೆದಳೆಂದು. ಆಧಾರ? ನನ್ನ ಎರಡು ಸಹಿ.

ಲ್ಯಾಬ್ ಮುಖ್ಯಸ್ಥರು ಪಕ್ಕಕ್ಕೆ ಕರೆದು, "ಸುಮ್ನೆ ಇದ್ಬಿಡಿ. ಹೊರಗಿನ ಮಾರೀನ ಯಾಕೆ ಮನೆಗೆ ಕರೀತೀರಾ?" ಎಂದರು.

ಸಿಸ್ಟರ್ ಕಾರಿಡಾರಿನಲ್ಲಿ ಸಿಕ್ಕಳು. "ಅಕ್ಕಾ, ನಾನು ನಿಜವಾಗ್ಲೂ ತಪ್ಪಾಗಿ ತೆಗೆದಿದ್ನಾ?"

ಅವಳಿಗೇ ಅನುಮಾನ ಬಂದಿದೆ. ನನ್ನ ಹದಿನಾರು ವರ್ಷದ ಜಂಬ ಮಾಡಿದ ಕೆಲಸ. ನನ್ನ ಮೇಲೆ ನನಗೇ ಮೈಯೆಲ್ಲ ಉರಿಯುತ್ತಿದೆ.

ಮೊದಲು ಇಲ್ಲಿ ಬರೆಯುತ್ತೇನೆ, ಆಮೇಲೆ ವಿಚಾರಣೆ ನಡೆಸುತ್ತಿರುವ ದೊಡ್ಡ ಡಾಕ್ಟರಿಗೆ.

ಎರಡೂ ಸ್ಯಾಂಪಲ್ ಸರಿಯಾಗಿದ್ದವು. ಟೆಸ್ಟ್ ಮಾಡದೆ ವಾಪಸ್ ಕಳಿಸಿದವಳು—